ಎಲ್‌ಇಡಿ ಹಾಕಿದ ಮೇಲೆ 'ಬಲ್ಬ್ ಕೆಟ್ಟಿದೆ' ಎಂಬ ಸೂಚನೆ

ಪ್ರಶ್ನೆ: ಕಾರಿನ ಹೆಡ್‌ಲೈಟಿನ ಎಚ್7 ಹ್ಯಾಲೊಜೆನ್ ಬಲ್ಬ್ ತೆಗೆದು ಎಲ್‌ಇಡಿ ಹಾಕಿಸಿದೆ. ಬೆಳಕು ಚೆನ್ನಾಗಿದೆ, ಆದರೆ ಮೀಟರಿನಲ್ಲಿ ಬಲ್ಬ್ ಸೂಚನೆ ಆರುವುದೇ ಇಲ್ಲ. ಏನು ಮಾಡಲಿ?

ಉತ್ತರ: ಮೊದಲು ಹಳೆಯ ಬಲ್ಬನ್ನೇ ಹಾಕಿ ನೋಡಿ. ಸೂಚನೆ ಹೋದರೆ ವೈರಿಂಗ್ ಸರಿಯಿದೆ ಎಂದರ್ಥ. 55 ವ್ಯಾಟ್ ಹ್ಯಾಲೊಜೆನ್ 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್ ಎಳೆಯುತ್ತದೆ; 25 ವ್ಯಾಟ್ ಎಲ್‌ಇಡಿ ಎಳೆಯುವುದು 2 ಆಂಪಿಯರ್ ಮಾತ್ರ. ಕರೆಂಟ್ ಕಡಿಮೆಯಾದದ್ದನ್ನು ಕಂಡು ಕಾರಿನ ಕಂಪ್ಯೂಟರ್ ಬಲ್ಬ್ ಸುಟ್ಟಿದೆ ಎಂದುಕೊಳ್ಳುತ್ತದೆ. ಪ್ರತಿ ದೀಪಕ್ಕೂ ಕ್ಯಾನ್‌ಬಸ್ ಡಿಕೋಡರ್ (ಬಲ್ಬ್ ಸರಿಯಿದೆ ಎಂದು ಕಂಪ್ಯೂಟರಿಗೆ ತೋರಿಸುವ ಪುಟ್ಟ ಸಾಧನ) ಹಾಕಿಸಿ. ಬೆಳಕು ಮಿಣುಕುತ್ತಿದ್ದರೆ ಆ ಮಿಣುಕೂ ಸಾಮಾನ್ಯವಾಗಿ ನಿಲ್ಲುತ್ತದೆ. ಡಿಕೋಡರ್ ಬದಲು ಹೆಚ್ಚುವರಿ ಕರೆಂಟ್ ಎಳೆಯುವ 6 ಓಮ್, 50 ವ್ಯಾಟ್ ರೆಸಿಸ್ಟರ್ ಹಾಕುವುದಾದರೆ ಅದನ್ನು ಬಲ್ಬಿಗೆ ಸಮಾಂತರವಾಗಿ ಜೋಡಿಸಬೇಕು. ಅದು ಕೈ ಸುಡುವಷ್ಟು ಕಾಯುತ್ತದೆ, ಹಾಗಾಗಿ ಲೋಹದ ಚಾಸಿಗೇ ಸ್ಕ್ರೂ ಮಾಡಿಸಿ. ಪ್ಲಾಸ್ಟಿಕ್ಕಿಗೋ ವೈರಿಗೋ ಕಟ್ಟಿದರೆ ಕರಗುತ್ತದೆ, ದಯವಿಟ್ಟು ಬೇಡ. ಕೊನೆಗೆ ರಾತ್ರಿ ಗೋಡೆಯೆದುರು ಕಾರು ನಿಲ್ಲಿಸಿ ಲೋ ಬೀಮ್ ಹಾಕಿ: ಬೆಳಕಿನ ಮೇಲಂಚು ಗೆರೆ ಎಳೆದಂತಿರದೆ ಚದುರಿದ್ದರೆ ಎದುರಿನವರ ಕಣ್ಣು ಕುಕ್ಕುತ್ತದೆ. ಆಗ ಹ್ಯಾಲೊಜೆನ್ನಿಗೇ ಮರಳುವುದು ಒಳ್ಳೆಯದು.