ಅಟ್ಟದಲ್ಲಿ ಟ್ರಂಕ್ ತುಂಬಾ ಹಳೇ ಇಂಗ್ಲಿಷ್ ಪತ್ರಿಕೆಗಳು ಸಿಕ್ಕಿವೆ. ಬೆಲೆ ಬರುತ್ತದಾ, ರದ್ದಿಗೆ ಹಾಕಲಾ?

ದಯವಿಟ್ಟು ಈಗಲೇ ರದ್ದಿಗೆ ಹಾಕಬೇಡಿ. ಹೆಚ್ಚಿನವು ಐವತ್ತು ವರ್ಷ ಹಳೆಯ 'ನ್ಯಾಷನಲ್ ಜಿಯಾಗ್ರಫಿಕ್' ಅಂತ ಬರೆದಿದ್ದೀರಿ. ನಾನೂ ಹಳೇ ಸಂಚಿಕೆಗಳನ್ನು ಕೂಡಿಡುವವನು, ಹಾಗಾಗಿ ನೇರವಾಗಿಯೇ ಹೇಳುತ್ತೇನೆ: ಆ ರಾಶಿಗೆ ದೊಡ್ಡ ಬೆಲೆ ಸಿಗುವುದಿಲ್ಲ. ಆದರೆ ಟ್ರಂಕಿನ ತಳದವರೆಗೂ ನೋಡಿ.

ಪತ್ರಿಕೆ ಎಷ್ಟು ಹಳೆಯದು ಅನ್ನುವುದಕ್ಕಿಂತ, ಎಷ್ಟು ಜನ ಅದನ್ನು ಬಿಸಾಡಿದರು ಅನ್ನುವುದೇ ಮುಖ್ಯ. 'ನ್ಯಾಷನಲ್ ಜಿಯಾಗ್ರಫಿಕ್' 1888ರಲ್ಲಿ ಶುರುವಾಯಿತು. ಆಮೇಲಾಮೇಲೆ ಲಕ್ಷಗಟ್ಟಲೆ ಪ್ರತಿ ಅಚ್ಚಾದವು. ನುಣುಪು ಕಾಗದ, ಚೆಂದದ ಫೋಟೋಗಳು. ಬಿಸಾಡಲು ಯಾರಿಗೂ ಮನಸ್ಸು ಬರಲಿಲ್ಲ. ಅದಕ್ಕೇ ಈಗ ಎಲ್ಲಿ ನೋಡಿದರೂ ಸಿಗುತ್ತದೆ. ಹಸಿರು ಕಣ್ಣಿನ ಆಫ್ಘನ್ ಹುಡುಗಿಯ ಮುಖಪುಟ ಇರುವ 1985ರ ಜೂನ್ ಸಂಚಿಕೆ ಇದ್ದರೆ ಬೇರೆ ತೆಗೆದಿಡಿ, ಅದನ್ನು ಕೇಳುವವರಿದ್ದಾರೆ. ಮೊದಲ ಇಪ್ಪತ್ತು ವರ್ಷದ ಸಂಚಿಕೆ ಸಿಕ್ಕಿತೋ, ಆ ಮಾತೇ ಬೇರೆ.

ಅಗ್ಗದ ಕಥಾಪತ್ರಿಕೆಗಳ ಪಾಡು ಇದಕ್ಕೆ ತದ್ವಿರುದ್ಧ. ಟಾರ್ಜನ್ ಮೊದಲು ಕಾಣಿಸಿಕೊಂಡ 1912ರ ಅಕ್ಟೋಬರ್‌ನ 'ಆಲ್ ಸ್ಟೋರಿ', ವೈಜ್ಞಾನಿಕ ಕಥೆಗಳ ಪತ್ರಿಕೆ 'ಅಮೇಜಿಂಗ್ ಸ್ಟೋರೀಸ್'ನ 1926ರ ಏಪ್ರಿಲ್‌ನ ಮೊದಲ ಸಂಚಿಕೆ ಇಂಥವು. ಕಾಗದ ಮರದ ತಿರುಳಿನದು. ಅದರಲ್ಲಿರುವ ಆಮ್ಲಕ್ಕೆ ಹಾಳೆ ಕಂದು ತಿರುಗಿ, ಮಡಚಿದ ಕಡೆ ಪುಡಿಯಾಗುತ್ತದೆ. ಜನ ಓದಿ ಎಸೆದರು. ಎರಡನೇ ಮಹಾಯುದ್ಧದಲ್ಲಿ ಹಳೇ ಕಾಗದ ಕೂಡಿಸಿದಾಗ ಇನ್ನಷ್ಟು ಹೋದವು. ಉಳಿದದ್ದಕ್ಕೆ ಈಗ ಪೈಪೋಟಿ.

ನನಗೆ ತುಂಬಾ ಇಷ್ಟವಾದ ಕಥೆ 'ಎಲೆಕ್ಟ್ರಾನಿಕ್ಸ್' ಅನ್ನುವ ತಾಂತ್ರಿಕ ಪತ್ರಿಕೆಯದು. ಎಲೆಕ್ಟ್ರಾನಿಕ್ ಚಿಪ್‌ನ ಮೇಲೆ ಕೂರುವ ಭಾಗಗಳ ಸಂಖ್ಯೆ ವರ್ಷವರ್ಷ ದುಪ್ಪಟ್ಟಾಗುತ್ತದೆ ಎಂದು, ಮುಂದೆ 'ಮೂರ್ ನಿಯಮ' ಎಂದೇ ಹೆಸರಾದ ಮಾತನ್ನು ಗಾರ್ಡನ್ ಮೂರ್ ಬರೆದದ್ದು ಅದರ 1965ರ ಏಪ್ರಿಲ್ 19ರ ಸಂಚಿಕೆಯಲ್ಲಿ. ನಲವತ್ತು ವರ್ಷದ ನಂತರ, 2005ರಲ್ಲಿ, ಅವರೂ ಸೇರಿ ಕಟ್ಟಿದ ಚಿಪ್ ತಯಾರಕ ಇಂಟೆಲ್ ಕಂಪನಿ ಆ ಸಂಚಿಕೆಯ ಒಂದು ಒಳ್ಳೆ ಪ್ರತಿಗೆ 10,000 ಡಾಲರ್ ಕೊಡುತ್ತೇವೆ ಎಂದಿತು. ಪ್ರತಿ ಕಳುವಾದೀತೆಂದು ಲೈಬ್ರರಿಗಳಿಗೆ ಗಾಬರಿ! ಒಂದು ವಿಶ್ವವಿದ್ಯಾಲಯದ ಪ್ರತಿ ಕಾಣೆಯಾಗಿಯೇ ಹೋಯಿತು. ಕೊನೆಗೆ ಸಿಕ್ಕಿದ್ದು ಇಂಗ್ಲೆಂಡಿನ ಎಂಜಿನಿಯರ್ ಒಬ್ಬರ ಮನೆಯಲ್ಲಿ, ನೆಲದ ಹಲಗೆಗಳ ಕೆಳಗೆ. ಆದ್ದರಿಂದ ಸಪ್ಪೆ ಮುಖಪುಟದ ತಾಂತ್ರಿಕ ಪತ್ರಿಕೆಗಳನ್ನು ಸುಮ್ನೆ ಪಕ್ಕಕ್ಕೆ ಹಾಕಬೇಡಿ. ಮನೆಯಲ್ಲೇ ಜೋಡಿಸಿಕೊಳ್ಳುವ ಆಲ್ಟೇರ್ ಎಂಬ ಆರಂಭದ ಕಂಪ್ಯೂಟರ್ ಮುಖಪುಟದಲ್ಲಿರುವ 1975ರ ಜನವರಿಯ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಕೂಡ ಇದೇ ಜಾತಿಯದು.

ಇನ್ನು ಪ್ರತಿಯ ಸ್ಥಿತಿ. ನಡುವಿನ ಹಾಳೆ ಬಿಡಿಸಿ ಪಿನ್ನು ನೋಡಿ. ತುಕ್ಕು ಹಿಡಿದಿದ್ದರೆ ಸುತ್ತ ಕಂದು ಕಲೆ ಇರುತ್ತದೆ, ಅಲ್ಲಿಂದಲೇ ಹಾಳೆ ಕಳಚುತ್ತದೆ. ಪುಟಗಳನ್ನು ಎಣಿಸಿ, ಯಾರೋ ಕೂಪನ್ನೋ ಚಿತ್ರವೋ ಕತ್ತರಿಸಿಕೊಂಡಿರಬಹುದು. 1954ರ ಆಗಸ್ಟ್ 16ರ ಮೊದಲ 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್' ಒಳಗೆ ಆಟಗಾರರ ಚಿತ್ರವಿರುವ, ಮಡಚಿಟ್ಟ ಬೇಸ್‌ಬಾಲ್ ಕಾರ್ಡುಗಳಿದ್ದವು. ಅವು ಹೋಗಿದ್ದರೆ ಬೆಲೆಯೂ ಇಳಿಯುತ್ತದೆ. ಲೈಬ್ರರಿಯವರು ಬೈಂಡ್ ಮಾಡಿಸುವಾಗ ಎಷ್ಟೋ ಸಲ ಮುಖಪುಟ, ಜಾಹೀರಾತು ತೆಗೆಸಿಬಿಡುತ್ತಿದ್ದರು. ಹಾಗಾಗಿ ಬೈಂಡ್ ಆದ ಸಂಪುಟ ಓದಲು ಚೆನ್ನ, ಮಾರಲು ಕಷ್ಟ. ನನ್ನ ಕೇಳಿದರೆ ಆ ಜಾಹೀರಾತುಗಳನ್ನು ಕಳೆದುಕೊಂಡದ್ದೇ ಜಾಸ್ತಿ ನಷ್ಟ. ಆ ಕಾಲದ ಜನ ಏನು ಕೊಳ್ಳುತ್ತಿದ್ದರು, ಯಾವುದಕ್ಕೆ ಆಸೆಪಡುತ್ತಿದ್ದರು ಎಂಬುದೆಲ್ಲ ಅಲ್ಲೇ ಇತ್ತು, ಅಲ್ವಾ?

ಹರಿದಿದ್ದರೂ ಸೆಲ್ಲೋಟೇಪ್ ಅಂಟಿಸಬೇಡಿ, ಅದರ ಕಲೆ ಹೋಗುವುದಿಲ್ಲ. ಪಿವಿಸಿ ಕವರ್ ಬೇಡ, ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಕವರಿನಲ್ಲಿಡಿ. ಬೆಲೆ ತಿಳಿಯಬೇಕೆಂದರೆ ಆನ್‌ಲೈನ್‌ನಲ್ಲಿ ಮಾರುವವರು ಕೇಳುವ ದರ ನಂಬಬೇಡಿ. ಅದೇ ಸಂಚಿಕೆ ಈಚೆಗೆ ಎಷ್ಟಕ್ಕೆ ಮಾರಾಟವಾಗಿದೆ ಅನ್ನುವುದನ್ನು ಹುಡುಕಿ ನೋಡಿ.