ಪ್ರಶ್ನೋತ್ತರ: ಇಂಗ್ಲಿಷ್ ನುಡಿಗಟ್ಟುಗಳ ಅರ್ಥ ಮತ್ತು ಔಚಿತ್ಯ

ಪ್ರಶ್ನೆ: ನಾನು ಇಂಗ್ಲಿಷ್ ನುಡಿಗಟ್ಟುಗಳನ್ನು ದಿನಕ್ಕೆ ಹತ್ತರಂತೆ ಅರ್ಥಸಹಿತ ಬಾಯಿಪಾಠ ಮಾಡುತ್ತಿದ್ದೇನೆ. ಓದುವಾಗ ಅರ್ಥ ಹೊಳೆಯುತ್ತದೆ. ಆದರೆ ಮಾತಿನಲ್ಲಿ ಬಳಸಿದಾಗ ಕೇಳುವವರು ಮುಗುಳ್ನಗುತ್ತಾರೆ. ನನ್ನ ತಪ್ಪೇನು?

ಉತ್ತರ: ನೀವು ಕಲಿತ ಅರ್ಥದಲ್ಲಿ ತಪ್ಪಿರಲಾರದು, ಪಟ್ಟಿಯಲ್ಲಿ ಅರ್ಥದ ಹೊರತು ಬೇರೇನೂ ಇಲ್ಲದಿರುವುದೇ ತೊಡಕು. ‘ಕಿಕ್ ದ ಬಕೆಟ್’ ಎಂಬುದರ ಮುಂದೆ ‘ಸಾಯು’ ಎಂದು ಬರೆದಿರುತ್ತದೆ, ಅದು ಸರಿಯೇ. ಆದರೆ ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಪ್ರಕಟಿಸಿದ ಬೀದಿಮಾತುಗಳ ನಿಘಂಟಿನಲ್ಲಿ ಸೇರಿದ್ದ ಈ ಮಾತಿಗೆ ಆ ಬೀದಿಯ ಸಲಿಗೆ ಇಂದಿಗೂ ಅಂಟಿಕೊಂಡಿದೆ. ಗೆಳೆಯನಿಗೆ ಬರೆಯುವ ಸಂತಾಪದ ಪತ್ರದಲ್ಲಿ ಇದನ್ನು ಬಳಸಿದರೆ, ‘ನಿಮ್ಮ ತಂದೆಯವರು ಗೊಟಕ್ ಎಂದರೆಂದು ತಿಳಿದು ದುಃಖವಾಯಿತು’ ಎಂದು ಕನ್ನಡದಲ್ಲಿ ಬರೆದಷ್ಟೇ ಆಭಾಸವಾಗುತ್ತದೆ.

ಒಂದೇ ಅರ್ಥವನ್ನು ಬರೆದಿರುವ ಮಾತುಗಳೂ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವುದಿಲ್ಲ. ‘ಬ್ರೇಕ್ ದಿ ಐಸ್’ ಎಂದರೆ ‘ಮೌನ ಮುರಿಯುವುದು’ ಎಂದು ಹಲವು ಪಟ್ಟಿಗಳು ಹೇಳುತ್ತವೆ. ವಾಸ್ತವದಲ್ಲಿ ಅದು, ಒಬ್ಬರಿಗೊಬ್ಬರು ಪರಿಚಯವಿಲ್ಲದವರು ಕೂಡಿದಾಗ ಮೊದಲ ಕೆಲವು ನಿಮಿಷಗಳ ಬಿಗುವನ್ನು ಸಡಿಲಿಸುವ ಮಾತಿಗೋ ತಮಾಷೆಗೋ ಸಲ್ಲುತ್ತದೆ. ಜಗಳವಾಡಿ ಮಾತು ಬಿಟ್ಟವರು ಮತ್ತೆ ಒಂದಾದರೆ ಅದು ‘ಬರಿ ದ ಹ್ಯಾಚೆಟ್’, ಅಂದರೆ ಕೊಡಲಿಯನ್ನು ಹೂಳುವುದು. ವರ್ಷಗಟ್ಟಲೆ ಸುಮ್ಮನಿದ್ದ ಸಾಕ್ಷಿಯೊಬ್ಬ ಬಾಯಿಬಿಟ್ಟರೆ ಅವನು ಮುರಿದದ್ದು ಮೌನವನ್ನೇ, ಐಸನ್ನಲ್ಲ.

ವ್ಯಾಕರಣದ ಒಂದು ಸೂಕ್ಷ್ಮವೂ ಇಲ್ಲಿದೆ. ಗುಟ್ಟು ರಟ್ಟು ಮಾಡುವುದಕ್ಕೆ ಹೇಳುವ ‘ಸ್ಪಿಲ್ ದ ಬೀನ್ಸ್’ ಅನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿ ‘ದ ಬೀನ್ಸ್ ವರ್ ಸ್ಪಿಲ್ಡ್’ ಎಂದರೂ ಅರ್ಥ ಉಳಿಯುತ್ತದೆ. ಏಕೆಂದರೆ ಅಲ್ಲಿ ಬೀನ್ಸ್ ಗುಟ್ಟನ್ನೂ ಚೆಲ್ಲುವುದು ಬಯಲು ಮಾಡುವುದನ್ನೂ ಸೂಚಿಸುತ್ತವೆ. ‘ದ ಬಕೆಟ್ ವಾಸ್ ಕಿಕ್ಡ್’ ಎಂದರೆ ಮಾತ್ರ ಯಾರೋ ನಿಜವಾದ ಬಕೆಟ್ಟನ್ನೇ ಒದ್ದಂತಾಗುತ್ತದೆ, ಏಕೆಂದರೆ ಆ ಬಕೆಟ್ಟು ಬೇರೆ ಯಾವುದರ ಸಂಕೇತವೂ ಅಲ್ಲ. ಆದ್ದರಿಂದ ಹತ್ತು ಅರ್ಥಗಳ ಬದಲು, ಓದಿದಲ್ಲಿ ಅಥವಾ ಕೇಳಿದಲ್ಲಿ ಸಿಕ್ಕ ಎರಡು ಇಡೀ ವಾಕ್ಯಗಳನ್ನು, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಿದರೆಂಬ ವಿವರದೊಂದಿಗೆ ಬರೆದಿಟ್ಟುಕೊಳ್ಳಿರಿ.

ಪ್ರಶ್ನೆ: ಕನ್ನಡದ ನುಡಿಗಟ್ಟುಗಳಿಗೆ ಹೋಲಿಸಿಕೊಂಡು ಕಲಿಯುವುದು ಸುಲಭವೆಂದು ನನಗೆ ತೋರುತ್ತದೆ. ಇದು ಸರಿಯಾದ ದಾರಿಯೇ?

ಉತ್ತರ: ಅರ್ಧ ದಾರಿಯವರೆಗೆ ಸರಿ. ಮೊಸಳೆ ಕಣ್ಣೀರು ಎರಡೂ ಭಾಷೆಗಳಲ್ಲಿ ಒಂದೇ. ನಮ್ಮ ಗಾಳಿಗೋಪುರ ಅಲ್ಲಿ ಗಾಳಿಯಲ್ಲಿ ಕಟ್ಟಿದ ಕೋಟೆ. ಇಲ್ಲಿ ಉರಿಯುವ ಬೆಂಕಿಗೆ ತುಪ್ಪ ಬಿದ್ದರೆ ಅಲ್ಲಿ ಬರಿಯ ಇಂಧನ ಬೀಳುತ್ತದೆ. ‘ಟರ್ನ್ ಎ ಬ್ಲೈಂಡ್ ಐ’ ಎಂಬುದನ್ನು ವಿವರಿಸಲು ನಿಘಂಟುಗಳು ಒಂದು ಸಾಲನ್ನೇ ವೆಚ್ಚಮಾಡುತ್ತವೆ, ನಮ್ಮಲ್ಲಿ ‘ಜಾಣಗುರುಡು’ ಎಂಬ ಒಂದೇ ಪದ ಅದನ್ನು ಇನ್ನಷ್ಟು ಚುರುಕಾಗಿ ಹೇಳಿಬಿಡುತ್ತದೆ.

ಅಪಾಯವಿರುವುದು ದೇಹದ ಅಂಗಗಳಿಗೆ ಸಂಬಂಧಿಸಿದ ಮಾತುಗಳಲ್ಲಿ. ಇಂಗ್ಲಿಷಿನವರು ‘ಗಿವ್ ಮಿ ಎ ಹ್ಯಾಂಡ್’ ಎಂದು ಕೇಳುವುದು ನೆರವನ್ನು; ಕನ್ನಡದಲ್ಲಿ ‘ಕೈಕೊಟ್ಟ’ ಎಂದರೆ ನಂಬಿಸಿ ನಡುನೀರಿನಲ್ಲಿ ಬಿಟ್ಟ ಎಂದು ಅರ್ಥ. ನಮ್ಮ ಹೊಟ್ಟೆಯಲ್ಲಿ ಕಿಚ್ಚೆದ್ದರೆ ಅದು ಅಸೂಯೆ, ಆದರೆ ‘ಫೈರ್ ಇನ್ ದ ಬೆಲ್ಲಿ’ ಎಂಬುದು ಸಾಧಿಸುವ ಛಲ. ಶಿಫಾರಸು ಪತ್ರದಲ್ಲಿ ಈ ಮಾತಿನಿಂದ ಹೊಗಳಿಸಿಕೊಂಡ ಯುವಕನನ್ನು ಅನುವಾದಕರು ಹೊಟ್ಟೆಕಿಚ್ಚಿನವನನ್ನಾಗಿ ಮಾಡಿದರೆ ಅವನ ಗತಿಯೇನು? ಕಾಲೆಳೆಯುವುದರ ಕಥೆ ಇನ್ನೂ ಸ್ವಾರಸ್ಯಕರವಾದುದು: ಕನ್ನಡದಲ್ಲಿ ಕಾಲೆಳೆಯುವವರು ಮತ್ತೊಬ್ಬರ ಏಳಿಗೆಯನ್ನು ಸಹಿಸದವರು, ಇಂಗ್ಲಿಷಿನಲ್ಲಿ ಅದೇ ಕೆಲಸ ಮಾಡುವವರು ತಮಾಷೆಗಾಗಿ ಸುಳ್ಳು ಹೇಳಿ ನಂಬಿಸುವವರು. ಈಗ ಕನ್ನಡದಲ್ಲಿಯೂ ಈ ಎರಡನೆಯ ಅರ್ಥ ಬಳಕೆಯಲ್ಲಿರುವುದರಿಂದ, ಯಾವ ಕಾಲೆಳೆತವೆಂಬುದನ್ನು ಸಂದರ್ಭದಿಂದಲೇ ತಿಳಿಯಬೇಕು. ಕನ್ನಡದ ಮಾತು ಹೋಲುತ್ತದೆ ಎಂದು ಅನ್ನಿಸಿದಾಗಲೇ ನಿಘಂಟನ್ನು ತೆರೆಯಿರಿ. ಯಾವ ಹೋಲಿಕೆಯೂ ಕಾಣದ ನುಡಿಗಟ್ಟು ಅಷ್ಟು ಮೋಸ ಮಾಡುವುದಿಲ್ಲ.

ಪ್ರಶ್ನೆ: ನುಡಿಗಟ್ಟುಗಳ ಹುಟ್ಟಿನ ಕಥೆಗಳನ್ನು ಓದಿದರೆ ಅವು ನೆನಪಿನಲ್ಲಿ ಉಳಿಯುತ್ತವೆ ಎನ್ನುತ್ತಾರೆ. ಆ ಕಥೆಗಳನ್ನು ನಂಬಬಹುದೇ?

ಉತ್ತರ: ನೆನಪಿಗೆ ನೆರವಾಗುತ್ತವೆ, ಆದರೆ ಕಥೆ ಸೊಗಸಾದಷ್ಟೂ ಅನುಮಾನಿಸಬೇಕು. ಜೋರು ಮಳೆಗೆ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎನ್ನುವುದು, ಹುಲ್ಲಿನ ಮಾಡಿನಲ್ಲಿ ಮಲಗುತ್ತಿದ್ದ ಬೆಕ್ಕು ನಾಯಿಗಳು ಮಳೆಗೆ ಜಾರಿ ಬೀಳುತ್ತಿದ್ದುದರಿಂದ ಎಂಬ ಕಥೆ ಎಲ್ಲೆಡೆ ಹಬ್ಬಿದೆ. ಅದಕ್ಕೆ ಆಧಾರವಿಲ್ಲ. ಜೊನಾಥನ್ ಸ್ವಿಫ್ಟ್ 1738ರಲ್ಲಿ ಪ್ರಕಟಿಸಿದ ವ್ಯಂಗ್ಯದ ಸಂಭಾಷಣೆಗಳಲ್ಲಿ ಈ ಮಾತು ಬರುತ್ತದೆ, ಆದರೆ ಮಾಡಿನ ಸುದ್ದಿ ಅಲ್ಲಿಲ್ಲ. ಪಾಠಪುಸ್ತಕಗಳಲ್ಲಿ ಸವೆದುಹೋಗಿರುವ ಈ ನುಡಿಗಟ್ಟನ್ನು ಓದಿ ತಿಳಿದರೆ ಸಾಕು, ಬಳಸಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಗಟ್ಟಿ ಆಧಾರವಿರುವ ಕಥೆಗಳೂ ಇವೆ. ಕಟುವಾಗಿ ಗದರಿಸಿ ಎಚ್ಚರಿಸುವುದಕ್ಕೆ ‘ರೀಡ್ ದ ರಯಟ್ ಆ್ಯಕ್ಟ್’ ಎನ್ನುತ್ತಾರೆ. ಬ್ರಿಟನ್ನಿನಲ್ಲಿ 1715ರಲ್ಲಿ ಜಾರಿಗೆ ಬಂದ ದಂಗೆ ಕಾಯಿದೆಯ ಪ್ರಕಾರ, 12 ಅಥವಾ ಹೆಚ್ಚು ಜನ ಗಲಭೆಗಾಗಿ ಗುಂಪುಗೂಡಿದಾಗ ಅಧಿಕಾರಿಯೊಬ್ಬರು ಗೊತ್ತುಪಡಿಸಿದ ಘೋಷಣೆಯನ್ನು ಗಟ್ಟಿಯಾಗಿ ಓದಬೇಕಿತ್ತು. ಓದಿದ ಒಂದು ಗಂಟೆಯೊಳಗೆ ಚದುರದವರಿಗೆ ಮರಣದಂಡನೆಯವರೆಗೂ ಶಿಕ್ಷೆಯಿತ್ತು. ಓದುವುದಕ್ಕೂ ಗದರಿಸುವುದಕ್ಕೂ ಏನು ನಂಟು ಎಂಬ ಪ್ರಶ್ನೆ ಇಷ್ಟು ತಿಳಿದ ಮೇಲೆ ಉಳಿಯುವುದಿಲ್ಲ.

ಪ್ರಶ್ನೆ: ‘ಹ್ಯಾವ್ ಯುವರ್ ಕೇಕ್ ಅಂಡ್ ಈಟ್ ಇಟ್’ ಎನ್ನುವುದರಲ್ಲಿ ಅಸಾಧ್ಯವಾದುದೇನು? ಕೇಕ್ ಇದ್ದ ಮೇಲೆ ತಿನ್ನಬಹುದಲ್ಲವೇ?

ಉತ್ತರ: ಇಲ್ಲಿ ‘ಹ್ಯಾವ್’ ಎಂದರೆ ‘ಉಳಿಸಿಕೊಳ್ಳುವುದು’. ಜಾನ್ ಹೇವುಡ್ 1546ರಲ್ಲಿ ಪ್ರಕಟಿಸಿದ ಗಾದೆಗಳ ಸಂಕಲನದಲ್ಲಿ ಕ್ರಮ ತಿರುಗುಮುರುಗಾಗಿದೆ: ಕೇಕನ್ನು ತಿನ್ನಲೂ ಬೇಕು, ಇಟ್ಟುಕೊಳ್ಳಲೂ ಬೇಕೇ ಎಂದು ಅಲ್ಲಿ ಕೇಳಲಾಗಿದೆ. ಆ ಕ್ರಮದಲ್ಲಿ ಓದಿದರೆ ಗೊಂದಲವಿಲ್ಲ. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎಂಬ ನಮ್ಮ ಗಾದೆ ಇದಕ್ಕೆ ಬಲು ಹತ್ತಿರದ್ದು. ಇನ್ನೊಬ್ಬರ ಇಬ್ಬಗೆಯ ಆಸೆಯನ್ನು ಚುಚ್ಚುವ ಮಾತಾದ್ದರಿಂದ, ಮೇಲಧಿಕಾರಿಗಳಿಗೆ ಬರೆಯುವ ಪತ್ರದಲ್ಲಿ ಇದನ್ನು ಬಳಸಬೇಡಿರಿ.