ಗಡವಕ್ಕೆ ಅಷ್ಟು ಮೈ ಬರುವುದು ಹೇಗೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಬಾಳೆಗೊನೆಗೆ ಬರುವ ಮಂಗಗಳಲ್ಲಿ ಗಡವಗಳು ಹೆಣ್ಣುಗಳಿಗಿಂತ ತುಂಬಾ ದೊಡ್ಡವು. ಕಿತ್ತುಕೊಂಡು ಜಾಸ್ತಿ ತಿನ್ನುತ್ತವೆ, ಅದಕ್ಕೇ ದಪ್ಪ ಅಂತಾರೆ ನಮ್ಮ ಅಪ್ಪ. ನಿಜವಾ? ಆದರೆ ಆರನೇ ಕ್ಲಾಸಿನ ನನ್ನ ಮಗಳು ಅವಳ ಕ್ಲಾಸಿನ ಹುಡುಗರಿಗಿಂತ ಎತ್ತರ ಇದ್ದಾಳೆ. ಮನುಷ್ಯರಲ್ಲಿ ಉಲ್ಟಾನಾ?

ಉತ್ತರ: ನಿಮ್ಮ ಅಪ್ಪ ಹೇಳಿದ್ದು ಅರ್ಧ ಸರಿ. ತಿನ್ನದೆ ಮೈ ಬರುವುದಿಲ್ಲ. ಆದರೆ ಅಷ್ಟೇ ಬಾಳೆಹಣ್ಣನ್ನು ಹೆಣ್ಣಿಗೆ ಹಾಕಿದರೂ ಅದು ಗಡವದಷ್ಟು ಆಗುವುದಿಲ್ಲ.

ಮುಖ್ಯವಾದದ್ದು ಎಷ್ಟು ವರ್ಷ ಬೆಳೆಯುತ್ತದೆ ಅನ್ನುವುದು. ಮರಿಗಳಾಗಿದ್ದಾಗ ಎರಡರ ಗಾತ್ರದಲ್ಲೂ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಹೆಣ್ಣು ಸುಮಾರು 4 ವರ್ಷಕ್ಕೆ ಮರಿ ಹಾಕಲು ಶುರು ಮಾಡುತ್ತದೆ, ಅಲ್ಲಿಂದ ತಿಂದದ್ದರಲ್ಲಿ ಒಂದು ಪಾಲು ಮೈ ಬೆಳೆಸುವ ಬದಲು ಬಸಿರಿಗೆ, ಹಾಲಿಗೆ ಹೋಗುತ್ತದೆ. ಗಂಡು ಆಮೇಲೂ ಕೆಲವು ವರ್ಷ ಬೆಳೆಯುತ್ತಲೇ ಇರುತ್ತದೆ. ಕೊನೆಗೆ ಹೆಣ್ಣು 4 ಕಿಲೋ ಆಸುಪಾಸು, ಗಂಡು 6ರಿಂದ 8 ಕಿಲೋ. ಹಾಗಾಗಿ ನೀವು ಹೆಣ್ಣು ಅಂದುಕೊಂಡವುಗಳಲ್ಲಿ ಕೆಲವು ಇನ್ನೂ ಬೆಳೆಯುತ್ತಿರುವ ಗಂಡುಗಳೇ ಇರಬಹುದು. ಎದೆ ನೋಡಿ: ಮರಿ ಹಾಕಿದ ಹೆಣ್ಣಿಗೆ ಮೊಲೆತೊಟ್ಟು ಉದ್ದವಾಗಿ ಜೋತಿರುತ್ತದೆ. ಗಡವ ಆಕಳಿಸಿದಾಗ ಕೋರೆಹಲ್ಲು ಕಾಣುತ್ತದಲ್ಲ, ಅಷ್ಟುದ್ದದ್ದು ಹೆಣ್ಣಿಗೆ ಇರುವುದಿಲ್ಲ.

ಗೊರಿಲ್ಲಾದಲ್ಲೂ ಇದೇ ಕಥೆ, ಇನ್ನೂ ದೊಡ್ಡದಾಗಿ. ಹೆಣ್ಣು ಬೇಗ ನಿಲ್ಲಿಸುತ್ತದೆ, ಗಂಡು ಮುಂದುವರಿಸಿ 150 ಕಿಲೋ ದಾಟಿ ಹೆಣ್ಣಿನ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಗಂಡಿಗೆ ಯಾಕೆ ಈ ಉಸಾಬರಿ ಅಂದರೆ, ಜಗಳಕ್ಕೆ. ನಮ್ಮ ಮುಸುವದ ಎಷ್ಟೋ ಹಿಂಡುಗಳಲ್ಲಿ ಬಲಿತ ಗಂಡು ಒಂದೇ ಇರುತ್ತದೆ, ಹೊರಗಿನಿಂದ ಬಂದವನು ಗೆದ್ದರೆ ಹಳಬ ಜಾಗ ಖಾಲಿ ಮಾಡಬೇಕು, ಅಂಥ ಕಡೆ ಮೈ ಇದ್ದವನದೇ ಸಂತಾನ ಮುಂದುವರಿಯುತ್ತದೆ. ಅಸ್ಸಾಮಿನ ಹೂಲಾಕ್ ಗಿಬ್ಬನ್ ಜೋಡಿಯಾಗಿ ಬಾಳುವ ವಾನರ, ಅಲ್ಲಿ ಗಂಡು ಹೆಣ್ಣು ಗಾತ್ರದಲ್ಲಿ ಹತ್ತಿರ ಹತ್ತಿರ ಸಮ. ಮೈ ದೊಡ್ಡದಿದ್ದರೇ ಯಜಮಾನಿಕೆ ಅಂತೇನೂ ಇಲ್ಲ ಬಿಡಿ, ಮಂಗಗಳ ದೂರದ ನೆಂಟರಾದ ಮಡಗಾಸ್ಕರಿನ ಎಷ್ಟೋ ಲೆಮೂರ್‌ಗಳಲ್ಲಿ ಗಾತ್ರ ಒಂದೇ, ಆದರೂ ಹೆಣ್ಣಿನದೇ ದರ್ಬಾರು. ಇನ್ನು ಒರಾಂಗುಟಾನ್ ಗಂಡಂತೂ ವಿಚಿತ್ರ. ಕೆಲವು ಗಂಡುಗಳು ವಯಸ್ಸಿಗೆ ಬಂದರೂ ಕೆನ್ನೆಯ ಅಗಲ ಮಡಿಕೆ ಬೆಳೆಸದೆ ವರ್ಷಗಟ್ಟಲೆ ಸಣ್ಣ ಮೈಯಲ್ಲೇ ಉಳಿಯುತ್ತವೆ, ಹಾಗಿದ್ದೂ ಮರಿಗಳಿಗೆ ಅಪ್ಪ ಆಗುತ್ತವೆ!

ಈಗ ನಿಮ್ಮ ಮಗಳ ವಿಷಯ. ಉಲ್ಟಾ ಅಲ್ಲ, ಇಲ್ಲೂ ಅದೇ ಲೆಕ್ಕ. ಹುಡುಗಿಯರು ಸರ್ರನೆ ಎತ್ತರ ಆಗುವ ಕಾಲ ಹುಡುಗರಿಗಿಂತ ಸುಮಾರು 2 ವರ್ಷ ಮುಂಚೆ ಬರುತ್ತದೆ. 11-12ರ ವಯಸ್ಸಿನಲ್ಲಿ ಅವಳು ಮುಂದೆ ಇರುವುದು ಮಾಮೂಲಿ. ಹುಡುಗರಿಗೆ ಆ 2 ವರ್ಷ ನಿಧಾನವಾಗಿ ಬೆಳೆಯಲು ಹೆಚ್ಚಿಗೆ ಸಿಗುತ್ತದೆ, ಆಮೇಲೆ ಬರುವ ಜಿಗಿತವೂ ಸ್ವಲ್ಪ ಜೋರು. ದೊಡ್ಡವರಾದ ಮೇಲೆ ಸರಾಸರಿ 12-13 ಸೆಂಟಿಮೀಟರ್ ಅಂತರ ಬರುವುದು ಹೀಗೆ. ಎಲುಬಿನ ತುದಿ ಬೆಸೆದು ಬೆಳವಣಿಗೆ ನಿಲ್ಲಿಸುವುದು ಈಸ್ಟ್ರೋಜನ್ ಅನ್ನುವ ಹಾರ್ಮೋನು, ಹುಡುಗರಲ್ಲೂ ಅದೇ.

ಮುಟ್ಟು ಶುರುವಾದ ಮೇಲೆ ಅವಳ ಎತ್ತರ ಏರುವುದು ನಿಧಾನವಾಗುತ್ತದೆ, ಅದಕ್ಕೆ ಪೌಡರು, ಟಾನಿಕ್ಕು ಅಂತ ಸುಮ್ನೆ ದುಡ್ಡು ಸುರಿಯಬೇಡಿ. 8 ವರ್ಷ ತುಂಬುವ ಮೊದಲೇ ಎದೆ ಬೆಳೆಯತೊಡಗಿದರೆ ಮಾತ್ರ ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಆರನೇ ಕ್ಲಾಸಿನಲ್ಲಿ ಹುಡುಗರಿಗಿಂತ ಉದ್ದ ಇದ್ದಾಳೆ ಅಂತ ಡಾಕ್ಟರ ಹತ್ತಿರ ಹೋಗುವ ಅಗತ್ಯವಿಲ್ಲ.